ಒಂದು ದಿನದ ಸಫಾರಿ: ಒಂದು ವಿಮರ್ಶೆ

ಚಿತ್ರದುರ್ಗ ಜಿಲ್ಲೆಯ ಪಟ್ಟಣಗಳಿಂದ ಒಂದು ದಿನದ ಸಫಾರಿ ಪ್ರವಾಸಕ್ಕೆ ಹೊರಡುವುದು ಇಂದು ಅಪರೂಪದ ಸಂಗತಿಯಲ್ಲ. ಚಿತ್ರದುರ್ಗ ಮತ್ತು ಹೊಳಲ್ಕೆರೆಯವರಿಗೆ ಶಿವಮೊಗ್ಗದ ಸಮೀಪದ ತ್ಯಾವರೆಕೊಪ್ಪ ಅನುಕೂಲ. ಹೊಸದುರ್ಗದವರು ತರೀಕೆರೆಯನ್ನು ದಾಟಿ ಲಕ್ಕವಳ್ಳಿಯ ಭದ್ರಾ ಅರಣ್ಯಕ್ಕೆ ಹೋಗುತ್ತಾರೆ. ಹಿರಿಯೂರಿನವರಿಗೆ ಹೆದ್ದಾರಿ ಹಿಡಿದರೆ ಬೆಂಗಳೂರು, ಅದರಾಚೆ ಬನ್ನೇರುಘಟ್ಟ. ಹಂಪಿಯನ್ನು ನೋಡಲು ಹೊರಟವರು ಅದೇ ದಿನ ಮಧ್ಯಾಹ್ನ ದರೋಜಿಯ ಕರಡಿಧಾಮವನ್ನೂ ಸೇರಿಸಿಕೊಳ್ಳುತ್ತಾರೆ. ನಸುಕಿನಲ್ಲಿ ಹೊರಟು ರಾತ್ರಿ ಮನೆ ಸೇರುವ ಈ ಪ್ರವಾಸಗಳನ್ನು ನಮ್ಮ ಕುಟುಂಬಗಳೂ ಕೈಗೊಳ್ಳುತ್ತವೆ. ಪಾಠಶಾಲೆಯ ಮಕ್ಕಳಿಗೆ ಬೇಸಿಗೆಯ ರಜೆಯಲ್ಲಿ ಇಂಥದೊಂದು ಪ್ರವಾಸವನ್ನು ಏರ್ಪಡಿಸಬೇಕೆಂಬ ಸಲಹೆ ಬಸದಿಯ ಟ್ರಸ್ಟುಗಳ ಮುಂದೆ ಬರುವುದೂ ಉಂಟು.

ಮೇಲ್ನೋಟಕ್ಕೆ ಇದರಲ್ಲಿ ಆಕ್ಷೇಪಣೀಯವಾದುದು ಏನೂ ಇಲ್ಲ. ಕೋವಿಯಿಲ್ಲ, ಬಲೆಯಿಲ್ಲ. ಜೀವಿಗಳನ್ನು ಕಂಡು ಮಕ್ಕಳ ಮನಸ್ಸಿನಲ್ಲಿ ದಯೆ ಹುಟ್ಟಲಿ ಎಂಬ ಸದಾಶಯವೇ ಇದೆ. ಆದರೆ ಸದಾಶಯದಿಂದ ನಡೆಯುವ ಕಾರ್ಯವನ್ನೂ ಪರೀಕ್ಷಿಸಿ ನೋಡುವುದು ವಿವೇಕಿಗಳ ಕರ್ತವ್ಯ. ಸಫಾರಿ ಎಂಬುದು ಒಂದು ಪ್ರದರ್ಶನ. ಅದಕ್ಕೆ ವೇದಿಕೆಯಿದೆ, ವೇಳಾಪಟ್ಟಿಯಿದೆ, ವ್ಯಾಖ್ಯಾನ ನೀಡುವ ಮಾರ್ಗದರ್ಶಕನಿದ್ದಾನೆ, ಹಣ ತೆತ್ತು ಕುಳಿತ ಪ್ರೇಕ್ಷಕರಿದ್ದಾರೆ. ನಾಟಕವನ್ನೂ ಗ್ರಂಥವನ್ನೂ ವಿಮರ್ಶಿಸುವಂತೆ ಇದನ್ನೂ ವಿಮರ್ಶಿಸಬಹುದು: ಇದು ಏನನ್ನು ತೋರಿಸುತ್ತದೆ, ಏನನ್ನು ಮರೆಮಾಡುತ್ತದೆ, ನೋಡಿದವನನ್ನು ಎಂಥವನನ್ನಾಗಿ ಮಾಡಿ ಮನೆಗೆ ಕಳುಹಿಸುತ್ತದೆ?

ಮೊದಲು ಹೆಸರನ್ನೇ ನೋಡೋಣ. ಪಯಣ ಎಂಬ ಅರ್ಥದ ಅರಬ್ಬೀ ಮೂಲದ ‘ಸಫರ್’ ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ‘ಸಫಾರಿ’ಯಾಯಿತು. ಐರೋಪ್ಯರ ಕೈಗೆ ಬಂದಾಗ ಅದಕ್ಕೆ ಬೇಟೆಯ ಯಾತ್ರೆ ಎಂಬ ಅರ್ಥ ಅಂಟಿಕೊಂಡಿತು. 1909ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕೈಗೊಂಡ ಸಫಾರಿಯಲ್ಲಿ ಅವರೂ ಅವರ ಮಗನೂ ಸೇರಿ 500ಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ನಮ್ಮ ನಾಡಿಗೂ ಇಂಥದೊಂದು ಚರಿತ್ರೆಯಿದೆ. ಕಬಿನಿಯ ದಂಡೆಯ ಕಾಕನಕೋಟೆಯಲ್ಲಿ ಆನೆಗಳ ಹಿಂಡನ್ನು ಅಟ್ಟಿ ತಂದು ಸೆರೆಹಿಡಿಯುವ ಖೆಡ್ಡಾ ನಡೆಯುತ್ತಿತ್ತು. ಅರಮನೆಯ ಅತಿಥಿಗಳಿಗೆ ಅದೊಂದು ನೋಟದ ಹಬ್ಬ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಮುಂದೆ ಅದೇ ಕಬಿನಿಯ ದಂಡೆ ಸಫಾರಿಗೆ ಹೆಸರಾಯಿತು. ಕೋವಿಯ ಸ್ಥಾನದಲ್ಲಿ ಕ್ಯಾಮೆರಾ ಬಂದಿರುವುದು ದೊಡ್ಡ ಸುಧಾರಣೆಯೇ ಸರಿ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಬೇಟೆಗಾರನ ಮನಸ್ಸಿನಲ್ಲಿದ್ದ ‘ನನಗೆ ಸಿಗಲೇಬೇಕು’ ಎಂಬ ಹಟವೂ ಕೋವಿಯೊಂದಿಗೆ ಹೋಯಿತೇ?

ಈ ಪ್ರಶ್ನೆಗೆ ನಮ್ಮ ಪುರಾಣಪರಂಪರೆಯಲ್ಲೇ ಒಂದು ಅಳತೆಗೋಲು ದೊರೆಯುತ್ತದೆ. ಇಪ್ಪತ್ತೆರಡನೆಯ ತೀರ್ಥಂಕರರಾದ ನೇಮಿನಾಥರ ಕಥೆಯನ್ನು ಅರಿಯದ ಮನೆ ನಮ್ಮಲ್ಲಿಲ್ಲ. ವಿವಾಹಕ್ಕೆಂದು ಹೊರಟ ಕುಮಾರನು ದಾರಿಯಲ್ಲಿ ಕೂಡಿಹಾಕಿದ ಪ್ರಾಣಿಗಳ ಆರ್ತಧ್ವನಿಯನ್ನು ಕೇಳಿದ. ಇವನ್ನು ಏಕೆ ಕೂಡಿಹಾಕಿದ್ದಾರೆ ಎಂದು ವಿಚಾರಿಸಿದ. ನಿನ್ನ ಮದುವೆಯ ಔತಣಕ್ಕಾಗಿ ಎಂಬ ಉತ್ತರ ಬಂದಿತು. ಕಥೆಯ ವಿವರಗಳು ಗ್ರಂಥದಿಂದ ಗ್ರಂಥಕ್ಕೆ ಬೇರೆಯಾದರೂ ತಿರುಳು ಒಂದೇ. ದೊಡ್ಡಿಯನ್ನು ಕಟ್ಟಿದವನು ನೇಮಿಕುಮಾರನಲ್ಲ; ಕಟ್ಟೆಂದು ಹೇಳಿದವನೂ ಅಲ್ಲ. ಆದರೂ ‘ನಿನಗಾಗಿ’ ಎಂಬ ಒಂದು ಮಾತು ಅವನನ್ನು ಮುಟ್ಟಿತು. ಕಾವಲುಗಾರರ ಮೇಲೆ ತಪ್ಪು ಹೊರಿಸದೆ ಅವನು ತನ್ನ ರಥವನ್ನೇ ತಿರುಗಿಸಿದ. ಕೃತ, ಕಾರಿತ, ಅನುಮೋದನ ಎಂದು ಶಾಸ್ತ್ರವು ಮೂರು ಬಗೆಯಾಗಿ ಹೇಳುವ ಹೊಣೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಸಫಾರಿಯ ವಾಹನದಲ್ಲಿ ಕುಳಿತವನು ಕೇಳಬೇಕಾದುದೂ ಇದೇ: ಇವು ಇಲ್ಲಿ ಏಕಿವೆ? ಯಾರಿಗಾಗಿ?

ತ್ಯಾವರೆಕೊಪ್ಪಕ್ಕೆ ಈ ಪ್ರಶ್ನೆಯನ್ನು ಹಾಕಿ ನೋಡೋಣ. 1988ರಲ್ಲಿ ಆರಂಭವಾದ ಈ ಹುಲಿ ಮತ್ತು ಸಿಂಹಧಾಮದಲ್ಲಿ ಬೇಲಿಯೊಳಗಿನ ಕಾಡಿನ ನಡುವೆ ಪ್ರೇಕ್ಷಕರನ್ನು ಭದ್ರವಾದ ವಾಹನದಲ್ಲಿ ಕೊಂಡೊಯ್ಯುತ್ತಾರೆ. ಪಂಜರಕ್ಕೆ ಹೋಲಿಸಿದರೆ ಇಲ್ಲಿ ಮೃಗಕ್ಕೆ ನೆಲವಿದೆ, ನೆರಳಿದೆ, ನಡೆದಾಡಲು ಅವಕಾಶವಿದೆ. ಆದರೂ ಇದು ಕಾಡಲ್ಲ. ಸಿಂಹವು ಮಲೆನಾಡಿನ ಅಂಚಿನ ಜೀವಿಯೇ ಅಲ್ಲ; ಭಾರತದಲ್ಲಿ ಅದರ ಸಹಜ ನೆಲೆ ಗುಜರಾತಿನ ಗಿರ್ ಸೀಮೆ. ಇಲ್ಲಿ ಹುಲಿ ತಾನೇ ಬೇಟೆಯಾಡುವುದಿಲ್ಲ. ಅದರ ಆಹಾರವನ್ನು ಹೊರಗಿನಿಂದ ತಂದು ಕೊಡಬೇಕು. ಆ ಆಹಾರ ಮಾಂಸವೆಂಬುದನ್ನು ನಾವು ಮಕ್ಕಳಿಗೆ ಹೇಳುವುದಿಲ್ಲ, ನಾವೂ ನೆನೆಯುವುದಿಲ್ಲ. ಕಾಡಿನ ಹುಲಿ ತನ್ನ ಸ್ವಭಾವದಂತೆ ಬದುಕುವುದು ಬೇರೆ. ನಮಗೆ ತೋರಿಸುವ ಸಲುವಾಗಿ ಇಟ್ಟ ಹುಲಿಗೆಂದು ಇತರ ಪ್ರಾಣಿಗಳ ವಧೆಗೆ ನಿತ್ಯವೂ ವ್ಯವಸ್ಥೆಯಾಗುವುದು ಬೇರೆ. ಪ್ರವೇಶದ ಚೀಟಿಯನ್ನು ಕೊಳ್ಳುವಾಗ ಈ ಸರಪಳಿಯ ಒಂದು ಕೊಂಡಿ ನಮ್ಮ ಕೈಯಲ್ಲಿರುತ್ತದೆ.

ಬೇಲಿಯೊಳಗೆ ಇಟ್ಟದ್ದೆಲ್ಲವೂ ತಪ್ಪೆಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ. ಹುಲಿ, ಸಿಂಹ, ಚಿರತೆ, ಕರಡಿ, ಕೋತಿಗಳನ್ನು ಪ್ರದರ್ಶನಕ್ಕಾಗಿ ಪಳಗಿಸಬಾರದೆಂದು ಕೇಂದ್ರ ಸರ್ಕಾರವು 1998ರಲ್ಲಿ ಹೊರಡಿಸಿದ ಅಧಿಸೂಚನೆಯನ್ನು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಎತ್ತಿಹಿಡಿಯಿತು. ಸರ್ಕಸ್ಸಿನಿಂದ ಬಿಡುಗಡೆಯಾದ ಮೃಗಗಳಿಗೆ ಆಶ್ರಯ ನೀಡಿದ ಕೇಂದ್ರಗಳಲ್ಲಿ ಬನ್ನೇರುಘಟ್ಟವೂ ಒಂದು. ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳಿಗೂ ಅಲ್ಲಿ ನೆಲೆ ದೊರೆಯಿತು. ಇಂಥ ಪ್ರಾಣಿಯನ್ನು ಕಾಡಿಗೆ ಬಿಟ್ಟರೆ ಅದು ಬದುಕಲಾರದು. ಅದಕ್ಕೆ ಬೇಲಿಯೇ ರಕ್ಷೆ. ಪಾಂಜರಪೋಳಗಳನ್ನು ನಡೆಸಿದ ಸಮಾಜಕ್ಕೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಮುದಿ ಎತ್ತು, ಗಾಯಗೊಂಡ ಹಕ್ಕಿ ಅಲ್ಲಿರುವುದು ಅವುಗಳ ಅಗತ್ಯಕ್ಕಾಗಿ. ಆದ್ದರಿಂದ ಬನ್ನೇರುಘಟ್ಟಕ್ಕೆ ಹೋದ ಪಾಠಶಾಲೆಯ ಮಕ್ಕಳಿಗೆ ಸಿಂಹದ ಘರ್ಜನೆಯನ್ನು ಕೇಳಿಸುವುದಕ್ಕಿಂತ ಬೀದಿಯಿಂದ ಬಂದ ಆ ಕರಡಿಯ ಕಥೆಯನ್ನು ಹೇಳುವುದು ಮೇಲು. ಮೂಗು ಚುಚ್ಚಿ ಹಗ್ಗ ಹಾಕಿ ಅದನ್ನು ಕುಣಿಸಿದವನೊಬ್ಬನಿದ್ದ. ಸುತ್ತ ನಿಂತು ಕಾಸು ಎಸೆದವರು ಹಲವರಿದ್ದರು. ಅವರಲ್ಲಿ ಯಾರೂ ತಮ್ಮನ್ನು ಹಿಂಸಕರೆಂದು ಭಾವಿಸಿರಲಿಲ್ಲ.

ಇನ್ನು ದರೋಜಿ. 1994ರಲ್ಲಿ ಘೋಷಿತವಾದ ಈ ಕರಡಿಧಾಮ ನಮ್ಮ ರಾಜ್ಯದ ಬಂಡೆಗುಡ್ಡಗಳ ಸೀಮೆಗೆ ದೊರೆತ ಒಂದು ಭಾಗ್ಯ. ಗಣಿಗಾರಿಕೆ ನುಂಗುತ್ತಿದ್ದ ಪ್ರದೇಶದ ಮಗ್ಗುಲಲ್ಲೇ ಕರಡಿ, ಚಿರತೆ, ನವಿಲುಗಳಿಗೆ ಅದು ಆಸರೆಯಾಯಿತು. ಅಲ್ಲಿ ಬೇಲಿಯೊಳಗಿನ ಮೃಗವಿಲ್ಲ, ಕರಡಿ ಸ್ವತಂತ್ರ. ಆದರೆ ಅಲ್ಲಿ ನಡೆದುಬಂದ ಒಂದು ರೂಢಿ ಪ್ರಸಿದ್ಧವಾಗಿದೆ: ಕಾವಲುಗಾರರು ಮಧ್ಯಾಹ್ನದ ಹೊತ್ತಿಗೆ ಬಂಡೆಗಳ ಮೇಲೆ ಬೆಲ್ಲದ ಪಾಕವನ್ನು ಸವರುತ್ತಾರೆ, ಅದರ ವಾಸನೆಗೆ ಕರಡಿಗಳು ಗುಹೆಗಳಿಂದ ಇಳಿದು ಬರುತ್ತವೆ, ಎದುರಿನ ಗೋಪುರದಿಂದ ಪ್ರೇಕ್ಷಕರು ಅದನ್ನು ನೋಡಿ ಸಂತೋಷಪಡುತ್ತಾರೆ. ನೋಡಿದವರು ಇದನ್ನು ಮೆಚ್ಚಿ ವರ್ಣಿಸುತ್ತಾರೆ. ಹಸಿದ ಪ್ರಾಣಿಗೆ ಸಿಹಿ ದೊರೆಯಿತು, ಯಾರಿಗೂ ನೋವಾಗಲಿಲ್ಲ. ದೋಷವೆಲ್ಲಿದೆ ಎಂದು ಕೇಳಬಹುದು.

ದೋಷವು ಆ ಪಾಕದ ಉದ್ದೇಶದಲ್ಲಿದೆ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕನ್ನು ನೋಡಿ ದಾನದ ಬೆಲೆಯನ್ನು ಅಳೆಯಬೇಕೆಂದು ನಮ್ಮ ಆಚಾರ್ಯರು ಹೇಳಿದ್ದಾರೆ. ಬಂಡೆಯ ಮೇಲಿನ ಬೆಲ್ಲ ಕರಡಿಯ ಹಸಿವನ್ನು ನೋಡಿ ಸವರಿದ್ದಲ್ಲ. ನಮ್ಮ ಕೈಗಡಿಯಾರವನ್ನು ನೋಡಿ ಸವರಿದ್ದು. ಸಂಜೆಯೊಳಗೆ ಹಂಪಿಗೋ ಚಿತ್ರದುರ್ಗಕ್ಕೋ ಮರಳಬೇಕಾದವನಿಗೆ ಕರಡಿ ಸಕಾಲದಲ್ಲಿ ಕಾಣಬೇಕು, ಅಷ್ಟೇ. ಗೆದ್ದಲು, ಕಾರೆ, ಬಾರೆಹಣ್ಣು, ಜೇನು ಹುಡುಕುತ್ತ ಗುಡ್ಡವನ್ನೆಲ್ಲ ಅಲೆಯುವ ಜೀವಿಗೆ ಮನುಷ್ಯನ ಕೈಯ ಸಿಹಿಯ ರುಚಿ ಹತ್ತಿದರೆ ಅದು ಮನುಷ್ಯನ ವಾಸನೆಯನ್ನು ಆಹಾರದ ಗುರುತೆಂದು ತಿಳಿಯತೊಡಗಬಹುದು. ಕರಡಿಗೂ ಮನುಷ್ಯನಿಗೂ ನಡುವೆ ಭಯದ ಒಂದು ಅಂತರವಿರುವುದು ಇಬ್ಬರ ಕ್ಷೇಮಕ್ಕೂ ಅವಶ್ಯಕ. ಹುಲಿಯೋಜನೆಯ ಅರಣ್ಯಗಳಿಗಾಗಿ 2012ರಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು ಹೊರಡಿಸಿದ ಪ್ರವಾಸದ ಮಾರ್ಗಸೂಚಿಯಲ್ಲಿ, ಮೃಗಗಳಿಗೆ ಆಹಾರವೊಡ್ಡಿ ಸೆಳೆಯಬಾರದೆಂದೂ ಅವುಗಳಿಂದ ಕನಿಷ್ಠ 20 ಮೀಟರ್ ದೂರವಿರಬೇಕೆಂದೂ ವಿಧಿಸಲಾಯಿತು. ಹುಲಿಗೆ ಸಲ್ಲುವ ಮರ್ಯಾದೆ ಕರಡಿಗೇಕೆ ಸಲ್ಲಬಾರದು?

ದರೋಜಿಯನ್ನು ವಿಮರ್ಶಿಸುವಾಗ ನಮ್ಮ ಮನೆಯಂಗಳವನ್ನೂ ನೋಡಿಕೊಳ್ಳಬೇಕು. ಚಿತ್ರದುರ್ಗದ ಕೋಟೆಯಲ್ಲಿ ಕೋತಿಗಳಿಗೆ ಬಾಳೆಹಣ್ಣು, ಬಿಸ್ಕತ್ತುಗಳನ್ನು ಹಂಚುವವರಿದ್ದಾರೆ. ತೀರ್ಥಕ್ಷೇತ್ರಗಳಲ್ಲಿಯೂ ಇದು ನಡೆಯುತ್ತದೆ. ಜೀವದಯೆಯ ಹೆಸರಿನಲ್ಲಿ ನಡೆಯುತ್ತದೆ. ಪರಿಣಾಮವನ್ನು ಕಣ್ಣಾರೆ ಕಾಣಬಹುದು: ಆ ಕೋತಿಗಳು ಮಕ್ಕಳ ಕೈಯ ಚೀಲಗಳನ್ನು ಕಸಿಯುತ್ತವೆ, ತಮ್ಮತಮ್ಮಲ್ಲೇ ಕಚ್ಚಾಡುತ್ತವೆ, ರಸ್ತೆಗಿಳಿದು ವಾಹನಕ್ಕೆ ಸಿಗುತ್ತವೆ. ಕೊನೆಗೆ ಜನರೇ ಅವುಗಳ ಕಾಟವೆಂದು ದೂರು ಕೊಟ್ಟು ಹಿಡಿಸಿ ಸಾಗಿಸುತ್ತಾರೆ. ಆಹಾರದಾನವೆಂದು ಆರಂಭವಾದುದು ಬಂಧನದಲ್ಲಿ ಮುಗಿಯುತ್ತದೆ. ದಯೆಗೆ ವಿವೇಕದ ಕಾವಲಿಲ್ಲದಿದ್ದರೆ ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಕಿಲ್ಲ.

ಬೇಲಿಯೂ ಬೆಲ್ಲವೂ ಇಲ್ಲದ ಸಫಾರಿಯೆಂದರೆ ಭದ್ರಾ ಅರಣ್ಯದ್ದು. 1998ರಲ್ಲಿ ಹುಲಿಯೋಜನೆಗೆ ಸೇರಿದ ಈ ಕಾಡಿನ ನೀರವತೆಗೂ ಒಂದು ಬೆಲೆ ತೆರಲಾಗಿದೆ. 2001 ಮತ್ತು 2002ರ ಸುಮಾರಿಗೆ 400ಕ್ಕೂ ಹೆಚ್ಚು ಕುಟುಂಬಗಳು ತಮ್ಮ ಊರುಗಳನ್ನು ಬಿಟ್ಟು ಹೊರಗೆ ನೆಲೆಸಿದವು. ದೇಶದಲ್ಲಿ ನಡೆದ ಇಂಥ ಸ್ಥಳಾಂತರಗಳಲ್ಲಿ ಇದನ್ನು ಯಶಸ್ವಿಯಾದುದೆಂದು ಹೇಳುವುದುಂಟು. ಯಶಸ್ವಿಯಾದರೂ, ಪೂರ್ವಿಕರ ಮನೆ, ದೇವರು, ಗದ್ದೆಗಳನ್ನು ಬಿಟ್ಟು ಬಂದವರ ತ್ಯಾಗ ತ್ಯಾಗವೇ. ಮುಂಜಾನೆಯ ಮಂಜಿನಲ್ಲಿ ಕಾಟಿಗಳ ಹಿಂಡನ್ನು ನೋಡಿ ಬೆರಗಾಗುವ ಪ್ರವಾಸಿಗನಿಗೆ ಅವರ ನೆನಪು ಬರುವುದು ಅಪರೂಪ. ಮಾರ್ಗದರ್ಶಕನ ವ್ಯಾಖ್ಯಾನದಲ್ಲಿಯೂ ಅವರಿಗೆ ಸ್ಥಾನವಿಲ್ಲದಿದ್ದರೆ ಆ ವ್ಯಾಖ್ಯಾನ ಅರ್ಧದ್ದು.

ಮಾರ್ಗದರ್ಶಕನ ಮಾತು ಬಂದುದರಿಂದ ಇಲ್ಲಿ ಒಂದು ವಿಷಯವನ್ನು ಹೇಳಲೇಬೇಕು. ತೆರೆದ ಕಾಡಿನ ಸಫಾರಿಯಲ್ಲಿ ಬೇಲಿಯ ಕೆಲಸವನ್ನು ಪ್ರೇಕ್ಷಕನ ಆತುರವೇ ಮಾಡುತ್ತದೆ. ಹುಲಿ ಕಂಡರೆ ಬಕ್ಷೀಸು, ಕಾಣದಿದ್ದರೆ ಗೊಣಗಾಟ ಎಂಬುದನ್ನು ಚಾಲಕನೂ ಮಾರ್ಗದರ್ಶಕನೂ ಬಲ್ಲರು. ಆದುದರಿಂದಲೇ ಒಂದು ವಾಹನಕ್ಕೆ ಹುಲಿಯ ಸುಳಿವು ಸಿಕ್ಕೊಡನೆ ಉಳಿದವೂ ಅತ್ತ ಧಾವಿಸುತ್ತವೆ. ಮೇಲೆ ಹೇಳಿದ ಮಾರ್ಗಸೂಚಿಯು ಒಂದು ವಾಹನ ಹುಲಿಯ ಬಳಿ 15 ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದೆಂದು ಹೇಳಬೇಕಾಗಿ ಬಂದುದು ಯಾವ ಅನುಭವದಿಂದ ಎಂದು ಊಹಿಸಬಹುದು. ಅದೇ 2012ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಹುಲಿಧಾಮಗಳ ಒಳಗರ್ಭದಲ್ಲಿ ಪ್ರವಾಸವನ್ನೇ ತಾತ್ಕಾಲಿಕವಾಗಿ ತಡೆದಿತ್ತು; ನಿಯಮಗಳು ರೂಪುಗೊಂಡ ಬಳಿಕ ಅಕ್ಟೋಬರಿನಲ್ಲಿ ಆ ತಡೆಯನ್ನು ತೆರವು ಮಾಡಿತು. ನಿಯಮಗಳಿರುವುದು ಕಾಗದದ ಮೇಲೆ. ಕಾಡಿನೊಳಗೆ ಅವು ಉಳಿಯುವುದೂ ಅಳಿಯುವುದೂ ಹಿಂದಿನ ಆಸನದಿಂದ ಬರುವ ‘ಇನ್ನೂ ಸ್ವಲ್ಪ ಹತ್ತಿರ ಹೋಗಿ’ ಎಂಬ ಮಾತಿನಿಂದ. ಆ ಮಾತು ಕಾರಿತ. ಅದನ್ನು ಕೇಳಿಯೂ ಸುಮ್ಮನೆ ಕ್ಯಾಮೆರಾ ಹಿಡಿದವನದು ಅನುಮೋದನ.

ಸಫಾರಿಯ ಪರವಾಗಿ ಹೇಳಬಹುದಾದ ಮಾತುಗಳನ್ನೂ ಕೇಳಬೇಕು. ಕಾಡನ್ನು ನೋಡದವರು ಕಾಡನ್ನು ಉಳಿಸಲು ಮತ ನೀಡರು. ಪ್ರವಾಸದಿಂದ ಸುತ್ತಲಿನ ಹಳ್ಳಿಗಳ ಯುವಕರಿಗೆ ಚಾಲಕ, ಮಾರ್ಗದರ್ಶಕ, ಕಾವಲುಗಾರರ ಕೆಲಸ ದೊರೆಯುತ್ತದೆ. ಜನಸಂಚಾರವಿರುವೆಡೆ ಕಳ್ಳಬೇಟೆಗಾರನಿಗೆ ಅಂಜಿಕೆಯಿರುತ್ತದೆ. ಇವು ಸತ್ಯ. ಆದರೆ ಕಾಡಿನ ಅಂಚಿನ ರೈತನ ಮಾತೂ ಸತ್ಯವೇ. 2025ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಮೈಸೂರು ಜಿಲ್ಲೆಯ ಕಾಡಂಚಿನಲ್ಲಿ ಹುಲಿದಾಳಿಗೆ ರೈತರು ಬಲಿಯಾದಾಗ, ಸಫಾರಿಯ ಗದ್ದಲವೇ ಹುಲಿಗಳನ್ನು ಹೊರಗಟ್ಟುತ್ತಿದೆ ಎಂದು ರೈತಸಂಘಟನೆಗಳು ದೂರಿದವು. ಬಂಡೀಪುರ, ನಾಗರಹೊಳೆಗಳಲ್ಲಿ ಸಫಾರಿಯನ್ನು ನಿಲ್ಲಿಸಲು ಆಗ ಅರಣ್ಯ ಸಚಿವರು ಆದೇಶಿಸಿದರು. ಆ ದೂರಿನ ಕಾರ್ಯಕಾರಣ ಸಂಬಂಧವನ್ನು ಬಲ್ಲವರು ಪರಿಶೀಲಿಸಲಿ. ಅದರ ಹಿಂದಿನ ನೋವು ಮಾತ್ರ ಯಾರಿಗೂ ಅರ್ಥವಾಗುವಂಥದು: ಮನರಂಜನೆ ಒಬ್ಬರದು, ಅಪಾಯ ಇನ್ನೊಬ್ಬರದು. ಅಭಯದಾನದ ವಿಚಾರ ಮಾಡುವಾಗ ಮೃಗಕ್ಕೆಷ್ಟೋ ಆ ಹೊಲದಲ್ಲಿ ದುಡಿಯುವವನಿಗೂ ಅಷ್ಟೇ ಅಭಯ ಸಲ್ಲಬೇಕು.

ಪ್ರಯಾಣವನ್ನೂ ವಿಮರ್ಶೆಯಿಂದ ಹೊರಗಿಡುವಂತಿಲ್ಲ. ಚಿತ್ರದುರ್ಗದಿಂದ ಬೆಂಗಳೂರಿಗೇ ಸುಮಾರು 200 ಕಿಲೋಮೀಟರ್. ಒಂದೆರಡು ಗಂಟೆಯ ನೋಟಕ್ಕಾಗಿ ಕತ್ತಲಲ್ಲಿ ಹೊರಟು ಕತ್ತಲಲ್ಲಿ ಮರಳುವ ವಾಹನದ ದೀಪಕ್ಕೆ ಎಷ್ಟು ಹುಳುಗಳು ಬಡಿದು ಸಾಯುತ್ತವೆ, ಗಾಲಿಗೆ ಎಷ್ಟು ಕಪ್ಪೆ, ಹಾವುಗಳು ಸಿಗುತ್ತವೆ ಎಂದು ಮಳೆಗಾಲದಲ್ಲಿ ರಾತ್ರಿ ಪ್ರಯಾಣ ಮಾಡಿದವರಿಗೆ ಗೊತ್ತು. ನಾಲ್ಕು ಮೊಳದ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುವ, ಮಳೆಗಾಲದಲ್ಲಿ ಸಂಚಾರವನ್ನೇ ನಿಲ್ಲಿಸುವ ಮುನಿಗಳ ಚರ್ಯೆ ಗೃಹಸ್ಥನಿಗೆ ಸಾಧ್ಯವಿಲ್ಲ. ಆದರೆ ದಿಗ್ವ್ರತ, ಅನರ್ಥದಂಡವ್ರತಗಳು ಗೃಹಸ್ಥನಿಗೆಂದೇ ಹೇಳಿದವು. ಓಡಾಟಕ್ಕೆ ಒಂದು ಮೇರೆಯಿರಲಿ, ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡಲಿ ಎಂಬುದೇ ಅವುಗಳ ಅಭಿಪ್ರಾಯ. ಪ್ರಾಣಿಯನ್ನು ನೋಡುವ ಹಂಬಲಕ್ಕೆ ಪ್ರಾಣಿಗಳೇ ದಾರಿಯುದ್ದಕ್ಕೂ ಸಾಯುವುದಾದರೆ ಅದು ಅನರ್ಥದಂಡವಲ್ಲದೆ ಮತ್ತೇನು?

ಅಷ್ಟು ದೂರ ಹೋಗುವ ಅಗತ್ಯವಾದರೂ ಏನು? ಚಿತ್ರದುರ್ಗದ ಬೆನ್ನಿಗೇ ಜೋಗಿಮಟ್ಟಿಯಿದೆ. ಸುಮಾರು 100 ಚದರ ಕಿಲೋಮೀಟರಿನ ಈ ಕಾಡನ್ನು 2015ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಚಿರತೆ, ಕರಡಿ, ಕಾಡುಹಂದಿ, ನವಿಲುಗಳು ಅಲ್ಲಿವೆ. 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಜಗಳೂರಿನ ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿಗಳ ಧಾಮವಾಯಿತು. ಹಿರಿಯೂರಿಗೆ ನೆರೆಯ ಶಿರಾ ಸೀಮೆಯ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ಧಾಮವಾಯಿತು. ಬರದ ನಾಡೆಂದು ನಾವೇ ಹೀಗಳೆಯುವ ಈ ಬಯಲಿನಲ್ಲಿ ಇಂಥ ನಾಜೂಕು ಜೀವಿಗಳು ಬದುಕಿವೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತೇ ಇಲ್ಲ. ಅವು ಸುಲಭವಾಗಿ ಕಾಣುವುದೂ ಇಲ್ಲ. ಹೆಜ್ಜೆಗುರುತು, ಗೆದ್ದಲ ಹುತ್ತವನ್ನು ಕೆದರಿದ ಉಗುರಿನ ಗೀರು, ಬಿದ್ದ ಗರಿ, ಇವನ್ನು ತೋರಿಸಿ ‘ಆತ ಇಲ್ಲೇ ಇದ್ದಾನೆ, ನಮಗೆ ಕಾಣಬೇಕೆಂದೇನೂ ಇಲ್ಲ’ ಎಂದು ಮಕ್ಕಳಿಗೆ ಹೇಳಬಲ್ಲ ಹಿರಿಯರು ಬೇಕು. ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವೆ 89 ವರ್ಷಗಳು. ಅಷ್ಟು ಕಾಲ ನೀರಿಗಾಗಿ ಕಾದ ಸೀಮೆಯ ಜನರಿಗೆ ತಾಳ್ಮೆಯನ್ನು ಹೊರಗಿನವರು ಕಲಿಸಬೇಕಾಗಿಲ್ಲ.

ಈ ವಿಮರ್ಶೆಯ ಉದ್ದೇಶ ಪ್ರವಾಸಗಳನ್ನು ನಿಲ್ಲಿಸಬೇಕೆಂಬುದಲ್ಲ. ಪ್ರವಾಸವನ್ನು ಏರ್ಪಡಿಸುವ ಟ್ರಸ್ಟುಗಳೂ ಕುಟುಂಬಗಳೂ ಕೆಲವು ಮಾತುಗಳನ್ನು ಮೊದಲೇ ನಿಶ್ಚಯಿಸಿಕೊಳ್ಳಲಿ ಎಂದಷ್ಟೇ ವಿನಂತಿ. ಆಹಾರವೊಡ್ಡಿ ಮೃಗವನ್ನು ಕರೆಸುವ ನೋಟಕ್ಕೆ ಹೋಗುವುದಿಲ್ಲವೆಂದು ನಿರ್ಧರಿಸಬಹುದು; ಏಕೆಂದು ಸಂಬಂಧಪಟ್ಟ ಇಲಾಖೆಗೆ ವಿನಯದಿಂದ ಬರೆದು ತಿಳಿಸಬಹುದು. ಮೃಗ ಕಾಣಲಿ, ಕಾಣದಿರಲಿ, ಚಾಲಕನಿಗೂ ಮಾರ್ಗದರ್ಶಕನಿಗೂ ಒಂದೇ ಗೌರವಧನವೆಂದು ಹೊರಡುವ ಮುನ್ನವೇ ತಿಳಿಸಿದರೆ ಅವರ ಮೇಲಿನ ಒತ್ತಡ ತಪ್ಪುತ್ತದೆ. ಬೇಲಿಯೊಳಗಿನ ಧಾಮಕ್ಕೆ ಹೋದರೆ ಪ್ರತಿಯೊಂದು ಪ್ರಾಣಿಯೂ ಅಲ್ಲಿಗೆ ಹೇಗೆ ಬಂದಿತೆಂದು ಮಕ್ಕಳು ಸಿಬ್ಬಂದಿಯನ್ನು ಕೇಳಿ ಬರೆದುಕೊಳ್ಳಲಿ. ಮಳೆಗಾಲದ ನಾಲ್ಕು ತಿಂಗಳು, ಹಾಗೂ ಸೂರ್ಯಾಸ್ತದ ನಂತರ, ಇಂಥ ಪ್ರಯಾಣವನ್ನು ಇಟ್ಟುಕೊಳ್ಳದಿರುವುದು ಕಷ್ಟವೇನಲ್ಲ. ಉಳಿದ ಹಣದ ಒಂದು ಪಾಲು ಕಾಡಂಚಿನಲ್ಲಿ ಬೆಳೆ, ದನಕರುಗಳನ್ನು ಕಳೆದುಕೊಂಡ ಯಾವುದಾದರೂ ರೈತಕುಟುಂಬಕ್ಕೆ ಮುಟ್ಟುವಂತಾದರೆ ಅಭಯದಾನ ಎಂಬ ಮಾತಿಗೆ ಅರ್ಥ ಬರುತ್ತದೆ.

ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯಿದೆ. ಆ ತೀರ್ಥಂಕರರ ಲಾಂಛನ ಸರ್ಪ. ಶಾಂತಿನಾಥರದು ಜಿಂಕೆ, ಮಹಾವೀರರದು ಸಿಂಹ. ಪ್ರತಿನಿತ್ಯ ದರ್ಶನಕ್ಕೆ ಬರುವ ಮಕ್ಕಳು ಪೀಠದ ಮೇಲಿನ ಈ ಪ್ರಾಣಿಗಳನ್ನು ನೋಡುತ್ತಲೇ ಬೆಳೆಯುತ್ತಾರೆ. ಮುಂದಿನ ರಜೆಯ ಪ್ರವಾಸವನ್ನು ಗೊತ್ತುಮಾಡಲು ಟ್ರಸ್ಟಿನ ಸಭೆ ಸೇರಿದಾಗ, ಸ್ಥಳವನ್ನೂ ಬಸ್ಸಿನ ಬಾಡಿಗೆಯನ್ನೂ ಚರ್ಚಿಸುವುದಕ್ಕೆ ಮೊದಲು, ನೇಮಿಕುಮಾರನು ದಾರಿಯಲ್ಲಿ ಕೇಳಿದ ಪ್ರಶ್ನೆಯನ್ನು ಯಾರಾದರೂ ಒಬ್ಬರು ಸಭೆಯ ಮುಂದಿಡಲಿ.